ಪದೇ ಪದೇ ಜಾರುವ ಭುಜದ ಕೀಲು ಮತ್ತು ಅದರ ಕಿರುರಂಧ್ರ ಶಸ್ತ್ರಚಿಕಿತ್ಸೆ

ದುಡಿದು ಉಣ್ಣುವ ಕುಟುಂಬಕ್ಕೆ ತೋಳೇ ಆಸ್ತಿ. ನೇಗಿಲು ಹಿಡಿಯುವುದು, ಬಾವಿಯಿಂದ ನೀರು ಸೇದುವುದು, ಹುಲ್ಲಿನ ಹೊರೆಯನ್ನು ತಲೆಗೆ ಏರಿಸುವುದು, ಅಳುವ ಮಗುವನ್ನು ಎತ್ತಿಕೊಳ್ಳುವುದು ಇವೆಲ್ಲವೂ ಭುಜದ ಕೀಲಿನ ಬಲದಿಂದ ನಡೆಯತಕ್ಕ ಕೆಲಸಗಳು. ಈ ಕೀಲು ಒಮ್ಮೆ ತಪ್ಪಿದರೆ ಅದನ್ನು ಮತ್ತೆ ಕೂರಿಸಬಹುದೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಅದು ಎರಡನೆಯ ಸಲ, ಮೂರನೆಯ ಸಲ ತಪ್ಪತೊಡಗಿದಾಗ ಏನು ಮಾಡಬೇಕೆಂಬುದು ಅನೇಕರಿಗೆ ತಿಳಿಯದು. ಈ ಪಾಠವು ಆ ವಿಷಯವನ್ನು ಕುರಿತದ್ದು. ಇದನ್ನು ಗಂಡ ಹೆಂಡತಿ ಇಬ್ಬರೂ ಓದಬೇಕೆಂದು ಕೋರುತ್ತೇನೆ. ಏಕೆಂದರೆ ಶಸ್ತ್ರಚಿಕಿತ್ಸೆ ಒಬ್ಬರಿಗೆ ಆದರೂ ಅದರ ನಂತರದ ಆರು ತಿಂಗಳನ್ನು ಇಬ್ಬರೂ ಸೇರಿ ಕಳೆಯಬೇಕಾಗುತ್ತದೆ.

ಮಲೆನಾಡಿನ ಒಬ್ಬ ಯುವಕನ ವಿಚಾರವನ್ನು ಮೊದಲು ಹೇಳುತ್ತೇನೆ. ಆತನಿಗೆ 26 ವರ್ಷ. ಅಡಿಕೆ ಮರ ಏರಿ ಕೊನೆ ಇಳಿಸುವುದು ಆತನ ಕಸುಬು. ಆ ಕಡೆಯಲ್ಲಿ ಇಂಥವರನ್ನು ಕೊನೆಗೌಡರೆಂದು ಕರೆಯುತ್ತಾರೆ. ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸಲು ಮರ ಏರಿದ್ದಾಗ ಕಾಲು ಜಾರಿತು. ಒಂದೇ ಕೈಯಲ್ಲಿ ಮರವನ್ನು ತಬ್ಬಿ ನೇತಾಡಿದುದರಿಂದ ಪ್ರಾಣ ಉಳಿಯಿತು, ಬಲಭುಜದ ಕೀಲು ತಪ್ಪಿತು. ಆಸ್ಪತ್ರೆಯಲ್ಲಿ ನಾನೇ ಅದನ್ನು ಕೂರಿಸಿ, ತೋಳುಪಟ್ಟಿ ಕಟ್ಟಿ, ಮೂರು ವಾರ ಬಿಚ್ಚಬೇಡಿರೆಂದು ಹೇಳಿ ಕಳುಹಿಸಿದೆ. ಈ ವಯಸ್ಸಿನಲ್ಲಿ ಅದು ಮತ್ತೆ ತಪ್ಪುವ ಸಂಭವ ಬಹಳವೆಂದು ನಾನು ಆಗ ಹೇಳಲಿಲ್ಲ. ಹೇಳಬೇಕಾಗಿತ್ತು. ಮರುವರ್ಷ ಅಡಿಕೆ ಚೀಲವನ್ನು ಲಾರಿಗೆ ಎಸೆಯುವಾಗ ಎರಡನೆಯ ಸಲ ತಪ್ಪಿತು. ಊರಿನವರೊಬ್ಬರು ಎಳೆದು ಕೂರಿಸಿದರು. ಮೂರನೆಯ ಸಲ ತಪ್ಪಿದ್ದು ರಾತ್ರಿ ನಿದ್ರೆಯಲ್ಲಿ, ಕಂಬಳಿಯನ್ನು ತಲೆಯ ಮೇಲಕ್ಕೆ ಎಳೆದುಕೊಳ್ಳುವಾಗ. ನಾಲ್ಕನೆಯ ಸಲ ಅದು ಮರದ ತುದಿಯಲ್ಲಿ ಆಗುವುದೆಂಬ ಭಯದಿಂದ ಹೆಂಡತಿ ಆತನನ್ನು ಕರೆದುಕೊಂಡು ಬಂದರು. ಗಂಡ ಪಟ್ಟಿಯನ್ನು ಐದನೆಯ ದಿನವೇ ಬಿಚ್ಚಿ ಎಸೆದುದರಿಂದಲೇ ಹೀಗಾಯಿತೆಂದು ಆಕೆಯ ದೂರು. ಅದು ಪೂರ್ಣ ನ್ಯಾಯವಾದ ದೂರಲ್ಲ. ಎಳೆಯ ವಯಸ್ಸಿನವರಲ್ಲಿ ಪಟ್ಟಿಯನ್ನು ಎಷ್ಟು ದಿನ ಕಟ್ಟಿದರೂ ಕೀಲು ಮತ್ತೆ ಜಾರುವುದುಂಟು. ಕಾರಣ ಬೇರೆಯೇ ಇದೆ.

ಕೀಲಿನ ರಚನೆ

ತೊಡೆಯ ಕೀಲನ್ನೂ ಭುಜದ ಕೀಲನ್ನೂ ಹೋಲಿಸಿ ನೋಡಿರಿ. ತೊಡೆಯ ಮೂಳೆಯ ಗುಂಡು ಒರಳಿನಲ್ಲಿ ಇಟ್ಟ ಗುಂಡುಕಲ್ಲಿನಂತೆ ಆಳವಾಗಿ ಕುಳಿತಿರುತ್ತದೆ. ಅದು ಸುಲಭವಾಗಿ ಹೊರಬರುವುದಿಲ್ಲ, ಹಾಗೆಯೇ ಎಲ್ಲ ದಿಕ್ಕಿಗೂ ಸುಲಭವಾಗಿ ತಿರುಗುವುದೂ ಇಲ್ಲ. ಭುಜದ ಕೀಲಿನಲ್ಲಿ ಇರುವುದು ಒರಳಲ್ಲ, ಚಪ್ಪಟೆಯಾದ ಸಣ್ಣ ತಟ್ಟೆ. ತೋಳಿನ ಮೂಳೆಯ ಗುಂಡಿನ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಯಾವ ಹೊತ್ತಿನಲ್ಲಿಯೂ ಆ ತಟ್ಟೆಯನ್ನು ಮುಟ್ಟಿರುವುದಿಲ್ಲ. ಹೀಗಿರುವುದರಿಂದಲೇ ನಾವು ಕೈಯನ್ನು ಬೆನ್ನ ಹಿಂದಕ್ಕೂ ತಲೆಯ ಮೇಲಕ್ಕೂ ಒಯ್ಯಬಲ್ಲೆವು. ಹೀಗಿರುವುದರಿಂದಲೇ ದೇಹದ ದೊಡ್ಡ ಕೀಲುಗಳಲ್ಲೆಲ್ಲ ಅತಿ ಹೆಚ್ಚಾಗಿ ತಪ್ಪುವುದೂ ಇದೇ.

ಹಾಗಾದರೆ ಗುಂಡು ತಟ್ಟೆಯ ಮೇಲೆ ನಿಲ್ಲುವುದು ಹೇಗೆ? ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ತಳ ದುಂಡಗಿರುವ ಕೊಡವನ್ನು ನೆಲದ ಮೇಲೆ ಇಡುವಾಗ ಅವರು ಸಿಂಬೆ ಇಡುತ್ತಾರೆ. ಭುಜದ ತಟ್ಟೆಯ ಅಂಚಿನ ಸುತ್ತಲೂ ಪ್ರಕೃತಿಯು ಅಂಥದೇ ಒಂದು ಸಿಂಬೆಯನ್ನು ಅಂಟಿಸಿದೆ. ಅದು ನಾರಿನಂತಹ ಗಟ್ಟಿಯಾದ ಮಾಂಸದ ಬಳೆ. ಅದಕ್ಕೆ ಹೊಂದಿಕೊಂಡು ಕೀಲನ್ನು ಸುತ್ತುವರಿದ ಚೀಲವೂ, ಚೀಲದ ಮುಂಭಾಗದಲ್ಲಿ ಹಗ್ಗದಂತಹ ಕಟ್ಟುಗಳೂ ಇವೆ. ತೋಳನ್ನು ಮೇಲೆತ್ತಿ ಹಿಂದಕ್ಕೆ ತಿರುಗಿಸಿದಾಗ, ಎಂದರೆ ಕಲ್ಲು ಬೀಸುವಂತಹ ಭಂಗಿಯಲ್ಲಿ, ಗುಂಡು ಮುಂದಕ್ಕೆ ಜಾರದಂತೆ ತಡೆಯುವವು ಇವೇ.

ಭುಜ ತಪ್ಪಿದವರಲ್ಲಿ ನೂರಕ್ಕೆ 95ರಷ್ಟು ಮಂದಿಗೆ ಗುಂಡು ಮುಂದಕ್ಕೇ ಜಾರುತ್ತದೆ. ಹಾಗೆ ಜಾರುವಾಗ ಸಿಂಬೆಯ ಮುಂಭಾಗವನ್ನು ತಟ್ಟೆಯಿಂದ ಕಿತ್ತುಕೊಂಡು ಹೋಗುತ್ತದೆ. ಗುಂಡನ್ನು ಮತ್ತೆ ಕೂರಿಸಬಹುದು, ಆದರೆ ಕಿತ್ತುಹೋದ ಸಿಂಬೆ ತನ್ನಷ್ಟಕ್ಕೆ ಸರಿಯಾದ ಜಾಗದಲ್ಲಿ ಅಂಟಿಕೊಳ್ಳುವುದು ಅಪರೂಪ. ಅದು ಕೆಳಗೆ ಜಾರಿ ತಪ್ಪುಜಾಗದಲ್ಲಿ ಒಣಗುತ್ತದೆ. ಲಂಡನ್ನಿನ ಶಸ್ತ್ರವೈದ್ಯ ಬ್ಯಾಂಕಾರ್ಟ್ ಎಂಬವರು 1923ರಲ್ಲಿ ಈ ಗಾಯವೇ ಮೂಲ ದೋಷವೆಂದು ಬರೆದು, ಕಿತ್ತ ಭಾಗವನ್ನು ಮೂಳೆಯ ಅಂಚಿಗೆ ಮರಳಿ ಹೊಲಿಯಬೇಕೆಂದು ತೋರಿಸಿದರು. ಇಂದಿಗೂ ಆ ಗಾಯಕ್ಕೆ ಅವರ ಹೆಸರೇ ಇದೆ.

ವಯಸ್ಸು ಇಲ್ಲಿ ಮುಖ್ಯ. 20 ವರ್ಷದೊಳಗೆ ಮೊದಲ ಸಲ ಭುಜ ತಪ್ಪಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಮತ್ತೆ ತಪ್ಪುತ್ತದೆ. 40 ದಾಟಿದವರಲ್ಲಿ ಹಾಗೆ ಮರುಕಳಿಸುವುದು ಕಡಿಮೆ. ಆದರೆ ಅವರಲ್ಲಿ ತೋಳನ್ನು ಎತ್ತುವ ಸ್ನಾಯುಗಳ ಬಳ್ಳಿಯೇ ಹರಿದಿರಬಹುದು. ಕೀಲು ಕೂರಿಸಿ ಎರಡು ಮೂರು ವಾರ ಕಳೆದರೂ ತಂದೆಯವರಿಗೋ ಅತ್ತೆಯವರಿಗೋ ಕೈ ಎತ್ತಲಾಗದಿದ್ದರೆ ಅದನ್ನು ಮುಪ್ಪೆಂದು ಬಿಟ್ಟುಬಿಡದೆ ತೋರಿಸಿರಿ.

ಕೀಲು ತಪ್ಪಿದ ಕೂಡಲೇ

ಭುಜದ ದುಂಡುತನ ಹೋಗಿ ಚೌಕವಾಗಿ ಕಾಣುತ್ತದೆ, ನೋವು ಅಸಹನೀಯವಾಗಿರುತ್ತದೆ, ಮತ್ತೊಂದು ಕೈಯಿಂದ ಆ ಕೈಯನ್ನು ಹಿಡಿದುಕೊಂಡೇ ಮನುಷ್ಯ ಕುಳಿತಿರುತ್ತಾನೆ. ಆಗ ಯಾರೂ ಎಳೆಯಕೂಡದು. ಕಂಕುಳ ಕೆಳಗೆ ಒಂದು ಮುಖ್ಯವಾದ ನರವೂ ರಕ್ತನಾಳಗಳೂ ಗುಂಡಿಗೆ ಒತ್ತಿಕೊಂಡೇ ಹಾದುಹೋಗುತ್ತವೆ. ಮೂಳೆಯೂ ಮುರಿದಿದೆಯೇ ಎಂಬುದನ್ನು ಕ್ಷಕಿರಣದ ಚಿತ್ರವಿಲ್ಲದೆ ಹೇಳಲಾಗದು. ಮುರಿದ ಮೂಳೆಯನ್ನು ಎಳೆದರೆ ಆಗುವ ಹಾನಿ ಕೀಲು ತಪ್ಪಿದ್ದಕ್ಕಿಂತ ದೊಡ್ಡದು. ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ. ಕೈ ಯಾವ ಭಂಗಿಯಲ್ಲಿ ಕಡಿಮೆ ನೋಯುತ್ತದೆಯೋ ಅದೇ ಭಂಗಿಯಲ್ಲಿ, ಪಕ್ಕೆಯ ಸಂದಿಗೆ ಮಡಿಸಿದ ಬಟ್ಟೆಯನ್ನಿಟ್ಟು, ಪಂಚೆಯಿಂದಲೋ ಸೀರೆಯ ತುಂಡಿನಿಂದಲೋ ಮೈಗೆ ಕಟ್ಟಿರಿ. ಬಳೆ, ಉಂಗುರಗಳನ್ನು ಬಾವು ಬರುವ ಮೊದಲೇ ತೆಗೆಯಿರಿ. ಅರಿವಳಿಕೆ ಕೊಡಬೇಕಾಗಿ ಬರಬಹುದಾದುದರಿಂದ ಊಟ, ಕಾಫಿ ಏನನ್ನೂ ಕೊಡಬೇಡಿರಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿರಿ. ಬೆರಳುಗಳು ತಣ್ಣಗಾಗಿದ್ದರೆ, ಬಿಳಿಚಿದ್ದರೆ, ರಟ್ಟೆಯ ಹೊರಮೈ ಜೋಮು ಹಿಡಿದಂತೆ ಸ್ಪರ್ಶಜ್ಞಾನ ಕಳೆದುಕೊಂಡಿದ್ದರೆ, ಹೋದೊಡನೆ ವೈದ್ಯರಿಗೆ ಹೇಳಿರಿ.

ಇನ್ನೊಂದು ಸಂಗತಿ. ಪಂಪ್‌ಸೆಟ್ಟಿನ ವಿದ್ಯುತ್ ತಗುಲಿದವರಲ್ಲಿಯೂ ಮೂರ್ಛೆರೋಗದ ಸೆಳೆತ ಬಂದವರಲ್ಲಿಯೂ ಗುಂಡು ಹಿಂದಕ್ಕೆ ಜಾರುವುದುಂಟು. ಹೊರನೋಟಕ್ಕೆ ಅದು ಅಷ್ಟಾಗಿ ಕಾಣುವುದಿಲ್ಲ, ಒಂದೇ ಕೋನದಿಂದ ತೆಗೆದ ಚಿತ್ರದಲ್ಲಿಯೂ ತಪ್ಪಿಹೋಗಬಹುದು. ಅಂಥವರಿಗೆ ಕೈಯನ್ನು ಹೊರಕ್ಕೆ ತಿರುಗಿಸಲು ಬಾರದಿದ್ದರೆ ಮತ್ತೊಮ್ಮೆ ಪರೀಕ್ಷಿಸಿರೆಂದು ನೀವೇ ಕೇಳಬಹುದು. ಕೇಳಿದರೆ ಯಾವ ವೈದ್ಯನೂ ಬೇಸರಪಡತಕ್ಕದ್ದಲ್ಲ.

ಜಾರುವ ಭುಜಕ್ಕೆ ಬರೆ ಹಾಕುವ ರೂಢಿ ಕೆಲವೆಡೆ ಇದೆ. ಇದನ್ನು ಹಳ್ಳಿಗರ ಮೌಢ್ಯವೆಂದು ನಗುವವರು ಒಂದು ಮಾತನ್ನು ತಿಳಿದಿರಬೇಕು. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಸಿನ ಹಿಪೊಕ್ರಟೀಸನ ಪಂಥದ ವೈದ್ಯರು ಇದೇ ತೊಂದರೆಗೆ ಕಂಕುಳಲ್ಲಿ ಕಾದ ಕಬ್ಬಿಣವನ್ನು ಇಡುತ್ತಿದ್ದರು. 1990ರ ದಶಕದಲ್ಲಿ ಪಾಶ್ಚಾತ್ಯ ಶಸ್ತ್ರವೈದ್ಯರೂ ಕೀಲಿನ ಚೀಲವನ್ನು ಒಳಗಿನಿಂದ ಶಾಖಕೊಟ್ಟು ಕುಗ್ಗಿಸುವ ವಿಧಾನವೊಂದನ್ನು ಬಳಸಿದರು. ಕೀಲುಗಳು ಮತ್ತೆ ಜಾರಿದವು, ಕೆಲವರ ಕೀಲಿನ ನುಣುಪು ಪದರವೇ ಹಾಳಾಯಿತು. ಆ ವಿಧಾನವನ್ನು ಕೈಬಿಡಲಾಯಿತು. ಕಿತ್ತುಹೋದುದನ್ನು ಸುಟ್ಟು ಕೂಡಿಸಲಾಗದು. ಬರೆಯ ಗಾಯ ಚರ್ಮದ ಮೇಲೆ ಉಳಿಯುತ್ತದೆ, ಸಿಂಬೆ ಕಿತ್ತಂತೆಯೇ ಇರುತ್ತದೆ.

ಶಸ್ತ್ರಚಿಕಿತ್ಸೆಯ ವಿಧಾನ

ಕುಟುಂಬ ಯೋಜನೆಯ ಶಿಬಿರಗಳಲ್ಲಿ ನಡೆಯುವ ಉದರದರ್ಶಕ ಶಸ್ತ್ರಚಿಕಿತ್ಸೆಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಹೊಟ್ಟೆಯನ್ನು ಕೊಯ್ಯದೆ, ಸಣ್ಣ ರಂಧ್ರದ ಮೂಲಕ ಬೆಳಕಿನ ನಳಿಗೆಯನ್ನು ಇಳಿಸಿ ಕೆಲಸ ಮಾಡುವುದು ಅದರ ಕ್ರಮ. ಕೀಲಿನೊಳಗೂ ಹೀಗೆಯೇ ನೋಡಬಹುದೆಂಬುದನ್ನು 1918ರಲ್ಲಿ ಟೋಕಿಯೊ ನಗರದ ತಕಾಗಿ ಎಂಬ ವೈದ್ಯರು ಮೊಣಕಾಲಿನಲ್ಲಿ ಪ್ರಯತ್ನಿಸಿ ನೋಡಿದರು. ಅವರ ಶಿಷ್ಯ ವಾತಾನಾಬೆ ಆ ಉಪಕರಣವನ್ನು ಬಳಕೆಗೆ ಯೋಗ್ಯವಾಗುವಂತೆ ಬೆಳೆಸಿದರು. ಈ ಕಿರುರಂಧ್ರ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಗಳಲ್ಲಿ ಆರ್ತ್ರೋಸ್ಕೋಪಿ ಎಂದು ಹೆಸರು, ಜನರು ಕೀಹೋಲ್ ಆಪರೇಷನ್ ಎನ್ನುತ್ತಾರೆ.

ಮೇಲೆ ಹೇಳಿದ ಯುವಕನಿಗೆ ನಾನು ಇದೇ ಹೋಲಿಕೆಯನ್ನು ಕೊಟ್ಟೆ. ಆತ ಎದ್ದುನಿಂತು, "ನಮಗೆ ಇರುವುದು ಒಂದೇ ಮಗು ಡಾಕ್ಟ್ರೇ, ಇನ್ನೊಂದು ಬೇಕು" ಎಂದ. ಆದುದರಿಂದ ಸ್ಪಷ್ಟವಾಗಿ ಬರೆಯುತ್ತೇನೆ: ಭುಜದ ಶಸ್ತ್ರಚಿಕಿತ್ಸೆಗೂ ಸಂತಾನಕ್ಕೂ ಯಾವ ಸಂಬಂಧವೂ ಇಲ್ಲ. ಗಂಡಸರಿಗಾಗಲಿ ಹೆಂಗಸರಿಗಾಗಲಿ ಇದರಿಂದ ಮಕ್ಕಳಾಗುವ ಶಕ್ತಿ ಕುಂದುವುದಿಲ್ಲ. ದಾಂಪತ್ಯ ಜೀವನಕ್ಕೂ ಅಡ್ಡಿಯಿಲ್ಲ. ಕೆಲವು ವಾರಗಳವರೆಗೆ ಆ ತೋಳಿನ ಮೇಲೆ ಭಾರ ಬೀಳದಂತೆ ಇಬ್ಬರೂ ಎಚ್ಚರವಹಿಸಿದರೆ ಸಾಕು.

ಶಸ್ತ್ರಚಿಕಿತ್ಸೆಗೆ ಮೊದಲು ಕ್ಷಕಿರಣದ ಚಿತ್ರವನ್ನೂ, ಸಾಮಾನ್ಯವಾಗಿ ಎಂ.ಆರ್.ಐ. ಪರೀಕ್ಷೆಯನ್ನೂ, ಮೂಳೆ ಸವೆದಿರುವ ಸಂಶಯವಿದ್ದರೆ ಸಿ.ಟಿ. ಪರೀಕ್ಷೆಯನ್ನೂ ಮಾಡುತ್ತಾರೆ. ರೋಗಿಗೆ ಪೂರ್ಣ ಅರಿವಳಿಕೆ ಕೊಡುತ್ತಾರೆ. ಕತ್ತಿನ ಬಳಿ ನರಗಳಿಗೆ ಮರಗಟ್ಟಿಸುವ ಚುಚ್ಚುಮದ್ದನ್ನೂ ಕೊಡುವುದುಂಟು, ಆಗ ಎಚ್ಚರವಾದ ಮೇಲೆ ಕೆಲವು ಗಂಟೆಗಳ ಕಾಲ ಕೈ ತನ್ನದಲ್ಲವೆಂಬಂತೆ ಭಾರವಾಗಿರುತ್ತದೆ. ಹೆದರಬೇಕಾಗಿಲ್ಲ. ಭುಜದ ಹಿಂದೆಯೂ ಮುಂದೆಯೂ ಒಂದು ಸೆಂಟಿಮೀಟರಿಗಿಂತ ಕಿರಿದಾದ ಎರಡು ಮೂರು ರಂಧ್ರಗಳನ್ನು ಮಾಡಿ, ಒಂದರಿಂದ ಸುಮಾರು 4 ಮಿಲಿಮೀಟರ್ ದಪ್ಪದ ದರ್ಶಕ ನಳಿಗೆಯನ್ನು ತೂರಿಸುತ್ತಾರೆ. ಕೀಲಿನೊಳಗೆ ಶುದ್ಧವಾದ ಉಪ್ಪುನೀರನ್ನು ಹರಿಸಿ ಅದನ್ನು ಹಿಗ್ಗಿಸುತ್ತಾರೆ. ಒಳಗಿನ ಚಿತ್ರವು ಟಿ.ವಿ. ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತದೆ.

ತಪ್ಪುಜಾಗದಲ್ಲಿ ಅಂಟಿದ ಸಿಂಬೆಯನ್ನು ಬಿಡಿಸಿ, ತಟ್ಟೆಯ ಅಂಚಿನ ಮೂಳೆಯನ್ನು ರಕ್ತ ಜಿನುಗುವಂತೆ ಸ್ವಲ್ಪ ಕೆರೆಯುತ್ತಾರೆ. ಒಣಗೋಡೆಗೆ ಗಾರೆ ಹಿಡಿಯದು, ಕೆರೆದು ನೀರು ಹಾಕಿದ ಗೋಡೆಗೆ ಹಿಡಿಯುತ್ತದೆ. ಅನಂತರ ಅಂಚಿನಲ್ಲಿ ಸಣ್ಣ ತೂತುಗಳನ್ನು ಕೊರೆದು, ದಾರ ಪೋಣಿಸಿದ ಪುಟ್ಟ ಗೂಟಗಳನ್ನು ನೆಡುತ್ತಾರೆ. ವೈದ್ಯರು ಇವನ್ನು ಆಂಕರ್ ಎನ್ನುತ್ತಾರೆ. ಇವು ಲೋಹದವಿರಬಹುದು, ದೇಹದಲ್ಲಿ ಕರಗತಕ್ಕ ವಸ್ತುವಿನವಿರಬಹುದು, ಬರಿಯ ಗಟ್ಟಿ ದಾರದ ಗಂಟೇ ಆಗಿರಬಹುದು. ಸಾಮಾನ್ಯವಾಗಿ ಮೂರು ಅಥವಾ ಹೆಚ್ಚು ಬೇಕಾಗುತ್ತವೆ. ಆ ದಾರಗಳಿಂದ ಸಿಂಬೆಯನ್ನೂ ಸಡಿಲಾದ ಚೀಲವನ್ನೂ ಬಿಗಿದು ಮೂಳೆಗೆ ಕಟ್ಟುತ್ತಾರೆ. ಸುಮಾರು ಒಂದರಿಂದ ಎರಡು ಗಂಟೆ ಹಿಡಿಯುತ್ತದೆ. ಮರುದಿನವೋ ಅದರ ಮರುದಿನವೋ ಮನೆಗೆ ಹೋಗಬಹುದು. ಗೂಟಗಳನ್ನು ಮತ್ತೆ ತೆಗೆಯಬೇಕಾಗಿಲ್ಲ.

ಆದರೆ ಎಲ್ಲ ಜಾರುವ ಭುಜಕ್ಕೂ ಈ ವಿಧಾನ ಒಗ್ಗುವುದಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. ಗುಂಡು ಪ್ರತಿ ಸಲ ಜಾರುವಾಗಲೂ ತಟ್ಟೆಯ ಅಂಚನ್ನು ಉಜ್ಜುತ್ತದೆ, ತಾನೂ ಹಿಂಬದಿಯಲ್ಲಿ ಜಜ್ಜಿಕೊಳ್ಳುತ್ತದೆ. ಹತ್ತಿಪ್ಪತ್ತು ಸಲ ತಪ್ಪಿಸಿಕೊಂಡು, ತಾವೇ ಕೂರಿಸಿಕೊಳ್ಳಲು ಕಲಿತು, ಅದನ್ನೊಂದು ಜಾಣ್ಮೆಯೆಂದು ಹೇಳಿಕೊಳ್ಳುವವರನ್ನು ನಾನು ಕಂಡಿದ್ದೇನೆ. ಅವರಲ್ಲಿ ತಟ್ಟೆಯ ಐದರಲ್ಲಿ ಒಂದು ಭಾಗದಷ್ಟು ಸವೆದುಹೋಗಿದ್ದರೆ, ಸಿಂಬೆಯನ್ನು ಹೊಲಿದರೂ ಕೊಡ ನಿಲ್ಲಲು ನೆಲವೇ ಇರುವುದಿಲ್ಲ. ಆಗ ಭುಜದ ಮುಂಭಾಗವನ್ನು ಕೊಯ್ದು, ಅಲ್ಲಿಯ ಮೂಳೆಯ ಒಂದು ತುಂಡನ್ನು ತಟ್ಟೆಯ ಅಂಚಿಗೆ ಸ್ಕ್ರೂ ಹಾಕಿ ಕೂಡಿಸಬೇಕಾಗುತ್ತದೆ. ಫ್ರಾನ್ಸ್ ದೇಶದ ಲಟಾರ್ಜೆ ಎಂಬವರು 1954ರಲ್ಲಿ ವರ್ಣಿಸಿದ ಈ ಕ್ರಮವೂ ಒಳ್ಳೆಯದೇ, ಆದರೆ ದೊಡ್ಡದು. ಸಣ್ಣ ರಂಧ್ರದಲ್ಲಿ ಮುಗಿಯಬಹುದಾದ ಕೆಲಸವನ್ನು ವರ್ಷಗಟ್ಟಲೆ ಮುಂದೂಡಿದವರು ಇಲ್ಲಿಗೆ ಬರುತ್ತಾರೆ.

ಹುಟ್ಟಿನಿಂದಲೇ ಕೀಲುಗಳೆಲ್ಲ ಸಡಿಲವಾಗಿದ್ದು, ಹೊಡೆತವಿಲ್ಲದೆಯೇ ಭುಜವು ಎಲ್ಲ ಕಡೆಗೂ ಜಾರುವವರಿಗೆ ಮೊದಲು ಹಲವು ತಿಂಗಳ ವ್ಯಾಯಾಮವೇ ಚಿಕಿತ್ಸೆ. ಮೂರ್ಛೆರೋಗವಿರುವವರು ಮೊದಲು ಮಾತ್ರೆಗಳಿಂದ ಅದನ್ನು ಹತೋಟಿಗೆ ತರಬೇಕು. ಇಲ್ಲವಾದರೆ ಒಂದೇ ಸೆಳೆತಕ್ಕೆ ಹೊಲಿಗೆಗಳು ಕಿತ್ತುಹೋಗುತ್ತವೆ. ಮುಟ್ಟು ನಿಂತಿರುವ ಅಥವಾ ಗರ್ಭಿಣಿಯಾಗಿರುವ ಸಂಶಯವಿರುವ ಸ್ತ್ರೀಯರು ಕ್ಷಕಿರಣಕ್ಕೂ ಮೊದಲೇ ಅದನ್ನು ತಿಳಿಸಬೇಕು. ಹೆರಿಗೆಯವರೆಗೆ ಕಾಯಬಹುದಾದ ಶಸ್ತ್ರಚಿಕಿತ್ಸೆಯಿದು.

ಶಸ್ತ್ರಚಿಕಿತ್ಸೆಯಾದ ಮೇಲೂ ಹತ್ತು ಮಂದಿಯಲ್ಲಿ ಸುಮಾರು ಒಬ್ಬರಿಗೆ, ಎಳೆಯರಲ್ಲಿ ಅದಕ್ಕೂ ಹೆಚ್ಚು ಮಂದಿಗೆ, ಮುಂದೆಂದಾದರೂ ಕೀಲು ಮತ್ತೆ ಜಾರಬಹುದು. ಕೆಲವರಿಗೆ ಕೈ ಹೊರತಿರುಗುವುದು ಸ್ವಲ್ಪ ಕಡಿಮೆಯಾಗುತ್ತದೆ. ಕೀವಾಗುವುದು ಅಪರೂಪ; ಜ್ವರ ಬಂದರೆ, ರಂಧ್ರದಿಂದ ಕೀವು ಸೋರಿದರೆ ತಡಮಾಡದೆ ಬರಬೇಕು. ಬೀಡಿ ಸಿಗರೇಟು ಸೇದುವವರಲ್ಲಿ ಗಾಯ ಕೂಡುವುದು ನಿಧಾನ. ಇವನ್ನು ಮರೆಮಾಚಿ ಹೇಳುವುದು ಸರಿಯಲ್ಲ.

ಮನೆಗೆ ಬಂದ ಮೇಲೆ

ಹೆಚ್ಚಿನ ಶಸ್ತ್ರಚಿಕಿತ್ಸೆಗಳು ಕೆಡುವುದು ಮೇಜಿನ ಮೇಲಲ್ಲ, ಮನೆಯಲ್ಲಿ. ರಂಧ್ರಗಳು ಹದಿನೈದು ದಿನಗಳೊಳಗೆ ಮಾಯುತ್ತವೆ. ನೋವು ಕಡಿಮೆಯಾಗುತ್ತದೆ, ಕೈ ಚೆನ್ನಾಗಿದೆಯೆಂದು ತೋರುತ್ತದೆ, ಕೆಲಸ ಕರೆಯುತ್ತದೆ. ಒಳಗೆ ಸಿಂಬೆಯು ಮೂಳೆಗೆ ಆಗತಾನೇ ಹಿಡಿಯತೊಡಗಿರುತ್ತದೆ. ತೆಂಗಿನ ಸಸಿಯನ್ನು ನೆಟ್ಟು ತಿಂಗಳಾಯಿತೆಂದು ಯಾರೂ ಅದಕ್ಕೆ ಎತ್ತನ್ನು ಕಟ್ಟುವುದಿಲ್ಲ.

ನಾಲ್ಕರಿಂದ ಆರು ವಾರಗಳವರೆಗೆ, ವೈದ್ಯರು ಹೇಳಿದಷ್ಟು ದಿನ, ಹಗಲೂ ರಾತ್ರಿಯೂ ತೋಳುಪಟ್ಟಿ ಇರಬೇಕು. ಇಲ್ಲಿ ಮಾತ್ರ ಪಟ್ಟಿಯನ್ನು ಬೇಗ ಬಿಚ್ಚುವಂತಿಲ್ಲ. ಬೆರಳು, ಮಣಿಕಟ್ಟು, ಮೊಣಕೈಗಳನ್ನು ಮೊದಲ ದಿನದಿಂದಲೇ ಆಡಿಸುತ್ತಿರಬೇಕು. ಭುಜವನ್ನು ಯಾವಾಗ, ಎಷ್ಟು ಎತ್ತಬೇಕೆಂಬುದನ್ನು ಫಿಸಿಯೋಥೆರಪಿಯವರು ಹೇಳಿಕೊಡುತ್ತಾರೆ. ಕೈಯನ್ನು ಹೊರಕ್ಕೆ ಹಿಂದಕ್ಕೆ ತಿರುಗಿಸುವ ಭಂಗಿಯನ್ನು, ಎಂದರೆ ಅಂಗಿ ಹಾಕುವಾಗ ಹಿಂದಿನ ತೋಳನ್ನು ಹುಡುಕುವ ಭಂಗಿಯನ್ನು, ಅವರು ಅನುಮತಿಸುವವರೆಗೆ ಮಾಡಕೂಡದು. ಅಂಗಿಯನ್ನಾಗಲಿ ರವಿಕೆಯನ್ನಾಗಲಿ ತೊಡುವಾಗ ಶಸ್ತ್ರಚಿಕಿತ್ಸೆಯಾದ ಕೈ ಮೊದಲು ತೂರಲಿ, ಕಳಚುವಾಗ ಅದು ಕಡೆಗೆ ಬರಲಿ. ಮೊದಲ ವಾರಗಳಲ್ಲಿ ಬೆನ್ನಿಗೆ ದಿಂಬುಗಳನ್ನಿಟ್ಟು ಅರೆಕುಳಿತು ಮಲಗುವುದು ಸುಖಕರ. ಕಂಕುಳನ್ನು ದಿನವೂ ಒದ್ದೆಬಟ್ಟೆಯಿಂದ ಒರೆಸಿ ಒಣಗಿಸಬೇಕು; ಇದು ಬೇರೆಯವರ ಕೈಯಿಂದಲೇ ಆಗತಕ್ಕ ಕೆಲಸ.

ಇಲ್ಲಿ ಸಂಗಾತಿಯ ಮಾತು ಬರುತ್ತದೆ. ಶಸ್ತ್ರಚಿಕಿತ್ಸೆ ಗಂಡನಿಗಾದರೆ ಹೆಂಡತಿ ಕೇಳದೆಯೇ ಎಲ್ಲವನ್ನೂ ಮಾಡುತ್ತಾಳೆ. ಹೆಂಡತಿಗಾದಾಗ ನಡೆಯುವುದು ಬೇರೆ. ಎರಡು ವಾರ ಕಳೆಯುವಷ್ಟರಲ್ಲಿ ಆಕೆ ಒಂದೇ ಕೈಯಲ್ಲಿ ಕೊಡ ಹೊತ್ತು, ಇನ್ನೊಂದು ಕೈಯಲ್ಲಿ ರೊಟ್ಟಿ ತಟ್ಟುತ್ತಿರುವುದನ್ನು ನಾನು ಮನೆಭೇಟಿಯಲ್ಲಿ ಕಂಡಿದ್ದೇನೆ. ಗಂಡಂದಿರೇ, ಆರು ವಾರ ನೀರು ತರುವುದು, ಬಟ್ಟೆ ಹಿಂಡುವುದು, ಹಾಲು ಕರೆಯುವುದು, ಮಗುವನ್ನು ಎತ್ತಿ ತಾಯಿಯ ಮಡಿಲಿಗೆ ಕೊಡುವುದು ನಿಮ್ಮ ಪಾಲಿಗೆ ಬಂದ ಕೆಲಸಗಳು. ಮೊಲೆಯುಣಿಸುವ ತಾಯಿ ದಿಂಬಿನ ಆಸರೆಯಿಂದ ಮಗುವನ್ನು ಎರಡೂ ಕಡೆಗೆ ಹಿಡಿಸಬಹುದು, ಆದರೆ ಅದನ್ನು ಎತ್ತಕೂಡದು.

ಮೂರು ತಿಂಗಳ ನಂತರ ಹಗುರವಾದ ಕೆಲಸ. ಭಾರ ಎತ್ತುವುದು, ತಲೆಯ ಮೇಲೆ ಕೈಚಾಚಿ ದುಡಿಯುವುದು, ಮರ ಏರುವುದು ಸುಮಾರು ಆರು ತಿಂಗಳಾದ ಮೇಲೆ, ಅದೂ ವೈದ್ಯರು ಪರೀಕ್ಷಿಸಿ ಒಪ್ಪಿದ ಮೇಲೆ.

"ಆರು ತಿಂಗಳು ಇವರು ಮರ ಹತ್ತದಿದ್ದರೆ ಅಕ್ಕಿ ಎಲ್ಲಿಂದ ತರುವುದು ಡಾಕ್ಟ್ರೇ?" ಎಂದು ಆ ಯುವಕನ ಹೆಂಡತಿ ಕೇಳಿದರು. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಉತ್ತರವಿಲ್ಲ, ಪಂಚಾಂಗದಲ್ಲಿದೆ. ಇದು ತುರ್ತಿನ ಶಸ್ತ್ರಚಿಕಿತ್ಸೆಯಲ್ಲವಾದುದರಿಂದ ಕೆಲಸ ಕಡಿಮೆಯಿರುವ ಕಾಲವನ್ನು ನೋಡಿ ದಿನ ಗೊತ್ತುಮಾಡಬಹುದು. ಕಾಯುವಾಗ ಮಾತ್ರ ಮರ ಏರುವುದನ್ನು ನಿಲ್ಲಿಸಲೇಬೇಕು, ಈಜುವುದನ್ನೂ. ಆತ ಜನವರಿಯಿಂದ ನೆಲದ ಕೆಲಸಕ್ಕೆ, ಕೊನೆ ಹೊರುವ ಬದಲು ಅಡಿಕೆ ಹರಡುವ ಕೆಲಸಕ್ಕೆ ಇಳಿದ. ಕೊಯ್ಲು ಮುಗಿದು ಮಾರ್ಚಿ ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಾಯಿತು.

ವೆಚ್ಚದ ವಿಷಯ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ಸೌಲಭ್ಯವನ್ನು ಕಲ್ಪಿಸಲಾಗಿದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ಶಿಫಾರಸು ಪತ್ರ ಪಡೆದು ಮುಂದಕ್ಕೆ ಹೋಗುವುದು ಕ್ರಮ. ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕಂಡು, ಈ ಶಸ್ತ್ರಚಿಕಿತ್ಸೆಯೂ ಅದಕ್ಕೆ ಬೇಕಾಗುವ ಆಂಕರುಗಳ ಬೆಲೆಯೂ ಯೋಜನೆಯಲ್ಲಿ ಸೇರಿವೆಯೇ ಎಂದು ದಿನ ಗೊತ್ತುಮಾಡುವ ಮೊದಲೇ ಕೇಳಿರಿ. ಆಂಕರುಗಳೇ ಇದರಲ್ಲಿ ದುಬಾರಿ ವಸ್ತು. ಪಡಿತರ ಚೀಟಿ, ಆಧಾರ್ ಚೀಟಿ, ಹಿಂದೆ ತೆಗೆಸಿದ ಎಲ್ಲ ಚಿತ್ರಗಳು, ಕೀಲು ಯಾವ ಯಾವ ತಿಂಗಳಲ್ಲಿ ಹೇಗೆ ತಪ್ಪಿತೆಂದು ಬರೆದಿಟ್ಟ ಒಂದು ಹಾಳೆ ಇವನ್ನು ತನ್ನಿರಿ. ಕಡೆಯದು ಬಹಳ ಉಪಯುಕ್ತ.

ಆ ಯುವಕ ಸೆಪ್ಟೆಂಬರಿನಲ್ಲಿ ಪರೀಕ್ಷೆಗೆ ಬಂದಾಗ ಕೈ ಪೂರ್ತಿ ಎತ್ತುತ್ತಿದ್ದ. ಹೊರತಿರುಗುವುದರಲ್ಲಿ ಮಾತ್ರ ಎಡಗೈಗಿಂತ ಸ್ವಲ್ಪ ಕಡಿಮೆ. ನೆಲದ ಮೇಲೆ ನಿಂತೇ ಕೊನೆ ತೆಗೆಯುವ ಕಾರ್ಬನ್ ಫೈಬರ್ ದೋಟಿಯೊಂದನ್ನು ತೋಟದ ಒಡೆಯರು ತರಿಸಿದ್ದರು. ಮರ ಏರುವುದಕ್ಕಿಂತ ಅದು ಸುಲಭವೆಂದು ಆತ ತಿಳಿದಿದ್ದ. ತಲೆಯ ಮೇಲೆ ಕೈಚಾಚಿ ಉದ್ದದ ದೋಟಿಯನ್ನು ಆಡಿಸುವುದೂ ಭುಜಕ್ಕೆ ಭಾರವೇ ಎಂದು ಹೇಳಿ, ಮೊದಲ ತಿಂಗಳು ದಿನಕ್ಕೆ ಒಂದು ಗಂಟೆ ಮಾತ್ರವೆಂದು ಚೀಟಿಯಲ್ಲಿ ಬರೆದುಕೊಟ್ಟೆವು. ಆ ಚೀಟಿಯನ್ನು ಹೆಂಡತಿ ಮಡಿಸಿ ತಮ್ಮ ಚೀಲದಲ್ಲಿ ಇಟ್ಟುಕೊಂಡರು.